ನಾಲ್ಕನೇ ಸಿಲಿಂಡರಿನ ಸದ್ದು

ಮದುವೆಯಾಗಿ ಈ ಮನೆಗೆ ಬಂದ ಮೇಲೆ ಬಹಳ ಕಾಲ ನಾನೂ ನಮ್ಮ ಮಾವನೂ ನೇರವಾಗಿ ಮಾತಾಡಿದ್ದೇ ಕಡಿಮೆ. ಮನಸ್ತಾಪವೇನೂ ಇರಲಿಲ್ಲ. ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ, ನನಗೆ ಮಾವನ ಮುಂದೆ ದನಿ ಎತ್ತಿ ಅಭ್ಯಾಸವಿರಲಿಲ್ಲ. ನಾನು ಹೇಳಬೇಕಾದ್ದನ್ನು ಅತ್ತೆಗೆ ಹೇಳುತ್ತಿದ್ದೆ. ಅವರು ಮಾವನ ಕಿವಿಯ ಹತ್ತಿರ ಬಾಯಿಟ್ಟು ಕೂಗುತ್ತಿದ್ದರು. ಮಾವ ಮೆಲ್ಲಗೆ ಒಂದೆರಡು ಮಾತಿನಲ್ಲಿ ಉತ್ತರ ಕೊಟ್ಟು ಎದ್ದು ಹೋಗುತ್ತಿದ್ದರು.

ನಮ್ಮ ಮನೆ ಇರುವುದು ಮಳವಳ್ಳಿಯಿಂದ ಹಲಗೂರಿಗೆ ಹೋಗುವ ರಸ್ತೆಯ ಪಕ್ಕದ ಒಂದು ಊರಿನಲ್ಲಿ. ನಾನು ಮಳವಳ್ಳಿಯ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಮಾವ ಮೀಸೆ ಚಿಗುರಿದಾಗಿನಿಂದ ಲಾರಿ ಓಡಿಸಿದವರು. ಕಾರ್ಖಾನೆಗೆ ಕಬ್ಬು, ಮಂಡ್ಯದ ಮಂಡಿಗೆ ಬೆಲ್ಲ, ಬೇಸಿಗೆಯಲ್ಲಿ ಇಟ್ಟಿಗೆ. ಚಿಕ್ಕಂದಿನಿಂದ ಕಿವಿ ಸೋರಿ ಸೋರಿ ತಮಟೆ ತೂತು ಬಿದ್ದು, ಕೊನೆಗೆ ಹಿಂದಿನಿಂದ ಬರುವ ಬಸ್ಸಿನ ಹಾರನ್ನೂ ಕೇಳಿಸದಂತಾದಾಗ ಸ್ಟೇರಿಂಗನ್ನು ನನ್ನ ಗಂಡನಿಗೆ ಬಿಟ್ಟುಕೊಟ್ಟರು. ಒಳಗಿನ ನರ ಚೆನ್ನಾಗಿದೆ, ಸದ್ದು ಹೋಗುವ ದಾರಿ ಮಾತ್ರ ಕೆಟ್ಟಿದೆ, ಕಿವಿಯ ಹಿಂದಿನ ಮೂಳೆಗೆ ತಾಗುವ ಹಾಗೆ ಒಂದು ಮಿಷನ್ನು ಕಟ್ಟಿಕೊಂಡರೆ ಕೇಳಿಸಬಹುದು ಎಂದು ಮಂಡ್ಯದ ಡಾಕ್ಟರು ಹೇಳಿದ್ದರಂತೆ. ತಲೆಗೆ ಏನನ್ನೂ ಕಟ್ಟಿಕೊಳ್ಳುವುದಿಲ್ಲ ಎಂದು ಮಾವ ಎದ್ದು ಬಂದಿದ್ದರು.

ಆ ವರ್ಷ ಕಬ್ಬು ಅರೆಯುವುದು ಮುಗಿಯುವ ಹೊತ್ತಿಗೆ ನಮ್ಮ ಲಾರಿ ಆಯಿಲ್ ಕುಡಿದು ನೀಲಿ ಹೊಗೆ ಉಗುಳತೊಡಗಿತ್ತು. ಇಂಜಿನ್ ಕೆಲಸವನ್ನು ಮನೆಯಲ್ಲೇ ಮಾಡುತ್ತೇನೆ ಎಂದು ಮಾವ ಹಟ ಹಿಡಿದರು. ಅದು ಮುಗಿಯುವವರೆಗೆ ನನ್ನ ಗಂಡ ಬೇರೆಯವರ ಲಾರಿಗೆ ಡ್ರೈವರಾಗಿ ಹೋದರು. ಹಿತ್ತಲಿನ ಹೊಂಗೆ ಮರದ ಕೆಳಗೆ ಮರದ ದಿಮ್ಮಿಗಳ ಚೌಕಟ್ಟು ಕಟ್ಟಿ, ಸರಪಣಿಯಲ್ಲಿ ಇಂಜಿನ್ ಇಳಿಸಿದರು. ಆರು ಸಿಲಿಂಡರುಗಳಿರುವ ಬ್ಲಾಕ್ ಮಾತ್ರ, ಸವೆದ ತೂತುಗಳನ್ನು ಕೊರೆಸುವ ಬೋರಿಂಗ್ ಕೆಲಸಕ್ಕೆ ಮಂಡ್ಯಕ್ಕೆ ಹೋಗಿ ಬಂತು. ಉಳಿದದ್ದೆಲ್ಲ ನೀಲಿ ಟಾರ್ಪಾಲಿನ ಮೇಲೆ, ಹೊಸ ಪಿಸ್ಟನ್ನು, ರಿಂಗು, ಡೀಸೆಲಿನಲ್ಲಿ ತೊಳೆದಿಟ್ಟ ವಾಲ್ವುಗಳು, ಸಾಲಾಗಿ ಕೂತಿದ್ದವು. ಸ್ಕೂಲಿನಿಂದ ಬಂದವಳು ಕಾಫಿ ಕೊಡುವ ನೆಪದಲ್ಲಿ ನಿಂತು ನೋಡುತ್ತಿದ್ದೆ. ಎಲ್ಲವನ್ನೂ ಹೀಗೆ ಹರವಿದ ಮೇಲೆ ಇದು ಮತ್ತೆ ಒಂದಾಗುತ್ತದೆ ಎಂದು ನನಗೆ ನಂಬಿಕೆ ಬರುತ್ತಿರಲಿಲ್ಲ.

ಒಂದಾಯಿತು. ಒಂದು ಭಾನುವಾರ ಬೆಳಿಗ್ಗೆ ಅತ್ತೆ ರೇಡಿಯೇಟರಿಗೆ ಕುಂಕುಮವಿಟ್ಟರು, ಮಾವ ಕ್ಯಾಬಿನ್ ಹತ್ತಿ ಸೆಲ್ಫ್ ಹೊಡೆದರು. ಇಂಜಿನ್ ಕೆಮ್ಮಿ, ಬಿಳಿ ಹೊಗೆ ಬಿಟ್ಟು, ಸ್ಟಾರ್ಟಾಯಿತು. ಮಾವ ಇಳಿದು ಬಂದು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ಆದರೆ ಆ ಸದ್ದು ಕುಂಟುತ್ತಿತ್ತು. ಮಕ್ಕಳಿಗೆ ಛಂದಸ್ಸು ಹೇಳಿಕೊಡುವವಳು ನಾನು, ಒಂದು ಮಾತ್ರೆ ಕಡಿಮೆಯಾದರೆ ಕಿವಿಗೆ ಚುಚ್ಚುತ್ತದೆ. ಎಣಿಸುವುದಕ್ಕಾಗದಷ್ಟು ವೇಗ, ಆದರೂ ಪ್ರತಿ ಸುತ್ತಿನಲ್ಲೂ ಅದೇ ಜಾಗದಲ್ಲಿ ಕಾಲು ಜಾರಿದಂತಾಗುತ್ತಿತ್ತು. ಅತ್ತೆಗೆ ಹೇಳಿದೆ. ಅತ್ತೆ ಕೂಗಿದರು. ಹೊಸ ರಿಂಗು, ಕೂತುಕೊಳ್ಳುವವರೆಗೂ ಹಾಗೇ ಎಂದು ಮಾವ ತಳ್ಳಿಹಾಕಿದರು. ಅಷ್ಟರಲ್ಲಿ ಮಡ್‌ಗಾರ್ಡಿನ ಮೇಲೆ ಇಟ್ಟಿದ್ದ ಕಾಫಿ ಲೋಟ ನಡುಗುತ್ತಾ ಅಂಚಿಗೆ ಸರಿದು ಕೆಳಗೆ ಬಿತ್ತು. ಮಾವ ಅದನ್ನು ನೋಡಿದರು. ಆಮೇಲೆ ಅತ್ತೆಯನ್ನು ಬಿಟ್ಟು ನನ್ನ ಕಡೆ ತಿರುಗಿದರು.

"ನಿಂಗೆ ಏನು ಕೇಳುಸ್ತದೆ, ನೀನೇ ಯೋಳವ್ವ."

ನಾನು ಹತ್ತಿರ ಹೋಗಿ, ಸೆರಗು ಸರಿಮಾಡಿಕೊಂಡು, ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ಒಂದು ಏಟು ತಪ್ಪುತ್ತಿದೆ ಎಂದು ಗಂಟಲು ಬಿಟ್ಟು ಕೂಗಿದೆ. ಅದು ನಾನು ಅವರಿಗೆ ನೇರವಾಗಿ ಹೇಳಿದ ಮೊದಲ ಉದ್ದನೆಯ ಮಾತು. ಮಾವ ತಲೆಯಾಡಿಸಿ, "ಮಿಸ್ಸಿಂಗು, ಯಾವ್ದೋ ಒಂದು ಸಿಲಿಂಡ್ರು ಕೆಲ್ಸ ಮಾಡ್ತಾ ಇಲ್ಲ" ಎಂದರು.

ಮೊದಲು ಡೀಸೆಲ್ ಪೈಪಿನಲ್ಲಿ ಗಾಳಿ ಸಿಕ್ಕಿದೆಯೇನೋ ಎಂದು ಅದನ್ನು ತೆಗೆದರು. ಕುಂಟು ಹೋಗಲಿಲ್ಲ. ಆಮೇಲೆ ಇಂಜಿನ್ ಓಡುತ್ತಿರುವಾಗಲೇ ಒಂದೊಂದು ಸಿಲಿಂಡರಿನ ಡೀಸೆಲ್ ಪೈಪಿನ ನಟ್ಟನ್ನೂ ಸಡಿಲಿಸುತ್ತಾ ಬಂದರು. ಸಡಿಲಿಸಿದರೆ ಆ ಸಿಲಿಂಡರಿಗೆ ಡೀಸೆಲ್ ಹೋಗುವುದಿಲ್ಲ. ಕೆಲಸ ಮಾಡುತ್ತಿದ್ದ ಸಿಲಿಂಡರಾದರೆ ಇಂಜಿನ್ನಿನ ದನಿ ಕುಸಿಯುತ್ತದೆ. ಮೊದಲೇ ಸತ್ತು ಕೂತಿದ್ದರೆ ಏನೂ ಬದಲಾಗುವುದಿಲ್ಲ. ದನಿ ಕುಸಿದಾಗ ನಾನು ಕೈ ಎತ್ತಬೇಕು. ಮೊದಲನೆಯದಕ್ಕೆ ಎತ್ತಿದೆ, ಎರಡಕ್ಕೆ ಎತ್ತಿದೆ, ಮೂರಕ್ಕೂ ಎತ್ತಿದೆ. ನಾಲ್ಕನೆಯದಕ್ಕೆ ಮಾವ ನನ್ನನ್ನೇ ನೋಡುತ್ತಾ ಕಾದರು. ನನ್ನ ಕೈ ಏಳಲಿಲ್ಲ. ಬಿಗಿ ಮಾಡಿ ಮತ್ತೆ ಸಡಿಲಿಸಿದರು. ಆಗಲೂ ಅಷ್ಟೇ. ಐದು, ಆರು ಸರಿಯಾಗಿದ್ದವು.

ಡೀಸೆಲ್ ಚಿಮ್ಮಿಸುವ ನಾಜಲ್ ಕೆಟ್ಟಿರಬೇಕೆಂದು ನಾಲ್ಕರದ್ದನ್ನು ಒಂದಕ್ಕೂ ಒಂದರದ್ದನ್ನು ನಾಲ್ಕಕ್ಕೂ ಹಾಕಿದರು. ಕೆಟ್ಟದ್ದು ನಾಜಲ್ಲಾದರೆ ಕುಂಟು ಒಂದನೆಯದಕ್ಕೆ ಹೋಗಬೇಕಿತ್ತು. ಹೋಗಲಿಲ್ಲ, ನಾಲ್ಕರಲ್ಲೇ ಉಳಿಯಿತು. ಮಾವ ಇಂಜಿನ್ ನಿಲ್ಲಿಸಿ, ಕೈ ಒರೆಸಿಕೊಂಡು ಜಗಲಿಯ ಮೇಲೆ ಹೋಗಿ ಕೂತರು. ಇನ್ನೇನಿದ್ದರೂ ಎಲ್ಲವನ್ನೂ ಮತ್ತೆ ಬಿಚ್ಚಬೇಕು ಎಂದು ಅವರ ಮುಖವೇ ಹೇಳುತ್ತಿತ್ತು.

ಮರುದಿನ ಸಂಜೆ ನಾನು ಸ್ಕೂಲಿನಿಂದ ಬಂದಾಗ ಇಂಜಿನ್ ಓಡುತ್ತಿತ್ತು. ಮಾವ ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ ಹಿಡಿದು, ಅದುರುವುದನ್ನು ಬೆರಳಿನಲ್ಲಿ ಹುಡುಕುತ್ತಿದ್ದರು. ಇನ್ನೂ ಒಳಗೆ ನೋಡಲು ಬಗ್ಗಿದಾಗ ಹಿಡಿಕೆ ಅವರ ದವಡೆಗೆ ತಾಗಿತು. ತಾಗಿದ್ದೇ ತಡ, ಅವರು ಹಾಗೇ ನಿಂತುಬಿಟ್ಟರು. ಏಟು ಬಿತ್ತೇನೋ ಎಂದು ನಾನು ಓಡಿದೆ. ಅವರು ಕೈ ಅಡ್ಡ ಹಿಡಿದು ನನ್ನನ್ನು ತಡೆದರು. ಹಿಡಿಕೆಯನ್ನು ನಿಧಾನವಾಗಿ ಮೇಲೆ ಸರಿಸಿ, ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡು ಕಣ್ಣು ಮುಚ್ಚಿದರು.

"ಕೇಳುಸ್ತಾ ಐತೆ ಕಣವ್ವ," ಎಂದರು.

ಡಾಕ್ಟರು ಹೇಳಿದ್ದು ಇದನ್ನೇ ಎಂದು ಹೊಳೆಯುವುದಕ್ಕೆ ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಕೆಟ್ಟ ದಾರಿಯನ್ನು ಬಿಟ್ಟು, ಕಬ್ಬಿಣದಿಂದ ಮೂಳೆಗೆ, ಮೂಳೆಯಿಂದ ನರಕ್ಕೆ ಸದ್ದು ನಡೆದು ಹೋಗಿತ್ತು. ಮಾವ ಒಂದನೇ ಸಿಲಿಂಡರಿನಿಂದ ಆರನೆಯದರವರೆಗೆ ಮೆಲ್ಲಗೆ ಸರಿಯುತ್ತಾ ಹೋದರು. ಅವರ ಕಣ್ಣಿಂದ ನೀರು ಇಳಿದು ಗ್ರೀಸು ಮೆತ್ತಿದ ಕೆನ್ನೆಯ ಮೇಲೆ ಗೆರೆ ಬಿದ್ದಿತ್ತು. ಒರೆಸಿಕೊಳ್ಳಲಿಲ್ಲ. ನಾಲ್ಕನೆಯದಕ್ಕೆ ವಾಪಸು ಬಂದು ಬಹಳ ಹೊತ್ತು ಕೇಳಿ, ಸ್ಕ್ರೂ ಡ್ರೈವರನ್ನು ನನ್ನ ಕೈಗೆ ಕೊಟ್ಟರು.

ನಾನೂ ಮೂಳೆಗೆ ಒತ್ತಿಕೊಂಡೆ. ಹೊರಗೆ ಬರೀ ಗದ್ದಲವಾಗಿದ್ದದ್ದು ಒಳಗೆ ಒಂದು ಊರೇ ಆಗಿತ್ತು. ಎಲ್ಲೋ ನೀರು ಸುತ್ತುತ್ತಿತ್ತು, ಹಲ್ಲಿನ ಚಕ್ರಗಳು ಒಂದನ್ನೊಂದು ಸವರುತ್ತಿದ್ದವು, ತಳದಲ್ಲಿ ಬೆಂಕಿ ಒದೆಯುತ್ತಿತ್ತು, ಅದರ ಮೇಲೆ ಸಣ್ಣ ಸುತ್ತಿಗೆಗಳು ಬಡಿಯುತ್ತಿದ್ದವು. ನಮ್ಮ ಹಿತ್ತಲಿನಲ್ಲಿ, ಟಾರ್ಪಾಲಿನ ಮೇಲೆ ಚೂರುಚೂರಾಗಿ ಬಿದ್ದಿದ್ದ ಕಬ್ಬಿಣ ಇದು. ದೇವರ ಗುಡಿಯಲ್ಲೂ ನನಗೆ ಅಷ್ಟು ಭಯಭಕ್ತಿ ಹುಟ್ಟಿದ್ದಿಲ್ಲ.

ಮಾವ ಬೆರಳು ತೋರಿಸಿ ವಿವರಿಸಿದರು. ಪ್ರತಿ ಸಿಲಿಂಡರಿಗೂ ಎರಡು ಬಾಗಿಲು, ಗಾಳಿ ಒಳಗೆ ಬರುವುದಕ್ಕೊಂದು, ಹೊಗೆ ಹೊರಗೆ ಹೋಗುವುದಕ್ಕೊಂದು. ಎರಡೂ ಮುಚ್ಚುವಾಗ ಟಕ್ ಎನ್ನಬೇಕು. "ನಾಕ್ರಲ್ಲಿ ಒಂದೇ ಐತೆ. ಗಾಳಿ ಬಾಗ್ಲು ತಗೀತಾ ಇಲ್ಲ."

ಇಂಜಿನ್ ನಿಲ್ಲಿಸಿದರು. ಮೇಲಿನ ಮುಚ್ಚಳದ ಬೋಲ್ಟಿಗೆ ಕೈ ಹಾಕಬೇಕಾದವರು ಹಾಕಲಿಲ್ಲ. ಅಡಿಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆಯನ್ನು ಕೈ ಬೀಸಿ ಕರೆದರು. ಸ್ಕ್ರೂ ಡ್ರೈವರಿನ ತುದಿಯನ್ನು ಪಂಚೆಯಲ್ಲಿ ಚೆನ್ನಾಗಿ ಒರೆಸಿ, ಅತ್ತೆಯ ಗಲ್ಲಕ್ಕೆ ಇಟ್ಟು, ಹಿಡಿಕೆಯನ್ನು ತಮ್ಮ ಕಿವಿಯ ಹಿಂದಕ್ಕೆ ಒತ್ತಿಕೊಂಡರು. ಏನಾದರೂ ಮಾತಾಡು ಎಂದರು. ಅತ್ತೆಗೆ ನಾಚಿಕೆ, ನನ್ನನ್ನು ನೋಡಿದರು. ಕೊನೆಗೆ, ಕೂಗದೆ, ಪಕ್ಕದಲ್ಲಿ ಕೂತವರಿಗೆ ಹೇಳುವ ದನಿಯಲ್ಲಿ ಕೇಳಿದರು:

"ಇವತ್ತು ಕಾಪಿ ಕುಡಿಯಾಕಿಲ್ವಾ?"

"ಕುಡೀತೀನಿ," ಎಂದರು ಮಾವ.

ಅತ್ತೆ ಒಳಗೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ ಒಲೆ ಹಚ್ಚದೆ, ಪಾತ್ರೆ ಹಿಡಿದುಕೊಂಡು ನಿಂತಿದ್ದರು. ಕಾಫಿಯನ್ನು ನಾನೇ ಮಾಡಿದೆ.

ಮುಚ್ಚಳ ಬಿಚ್ಚಿದಾಗ ಮಾವ ಹೇಳಿದ್ದು ನಿಜವಾಗಿತ್ತು. ಗಾಳಿಯ ವಾಲ್ವನ್ನು ಕೆಳಗಿನಿಂದ ಎತ್ತುವ ಪುಷ್ ರಾಡ್ ಎಂಬ ಸಣ್ಣ ಸರಳು ತನ್ನ ಬಟ್ಟಲಿನಲ್ಲಿ ಕೂರದೆ ಪಕ್ಕಕ್ಕೆ ಜಾರಿತ್ತು. ಕೂರಿಸುವಾಗ ಬಟ್ಟಲಿನ ಅಂಚಿನ ಮೇಲೆ ನಿಂತಿದ್ದದ್ದು ಸೆಲ್ಫ್ ಹೊಡೆದಾಗ ಬಿದ್ದಿರಬೇಕು. ಅದನ್ನು ತಂದು ಅಡಿಗೆಮನೆಯ ಕಲ್ಲಿನ ಮೇಲೆ ಉರುಳಿಸಿದರು. ನೇರವಾಗಿ ಉರುಳದೆ ಓಲಾಡಿತು, ಬಗ್ಗಿತ್ತು. ಮಾರನೆಯ ದಿನ ಸ್ಕೂಲು ಬಿಟ್ಟ ಮೇಲೆ ನಾನೇ ಮಂಡ್ಯಕ್ಕೆ ಹೋಗಿ ಅಂಥದೇ ಹೊಸ ಸರಳು ತಂದೆ. ವ್ಯಾನಿಟಿ ಬ್ಯಾಗಿನಿಂದ ಹೊರಗೆ ಚಾಚಿದ್ದ ಅದನ್ನು ಬಸ್ಸಿನಲ್ಲಿ ಪಕ್ಕದ ಹೆಂಗಸು ಕೊಳಲೇ ಎಂದು ಕೇಳಿದಳು. ಹೌದು ಎಂದುಬಿಟ್ಟೆ.

ಅದನ್ನು ಕೂರಿಸಿ ಸ್ಟಾರ್ಟ್ ಮಾಡಿದಾಗ ಸದ್ದು ಒಂದೇ ಎಳೆಯಾಗಿ ಹರಿಯಿತು. ಎಲ್ಲೂ ಜಾರಲಿಲ್ಲ. ಮಾವ ನನ್ನ ಮುಖ ನೋಡಿದರು. ನಾನು ಎರಡೂ ಕೈ ಎತ್ತಿದೆ.

ಆ ವಾರದ ಕೊನೆಗೆ ನನ್ನ ಗಂಡ ಬಂದರು. ನಾಲ್ವರೂ ಲಾರಿ ಹತ್ತಿ ಹಲಗೂರು ದಾಟಿ ಮುತ್ತತ್ತಿ ಆಂಜನೇಯನಿಗೆ ಹಣ್ಣುಕಾಯಿ ಮಾಡಿಸಲು ಹೊರಟೆವು. ಅಷ್ಟು ವರ್ಷ ಮನೆಯ ಮುಂದೆ ಬಂದು ನಿಲ್ಲುತ್ತಿದ್ದ ಲಾರಿಯ ಕ್ಯಾಬಿನ್ನಿನಲ್ಲಿ ನಾನು ಕೂತದ್ದು ಅದೇ ಮೊದಲು. ಕಾಡಿನೊಳಗಿನ ತಿರುವುಗಳಲ್ಲಿ ನನ್ನ ಗಂಡ ಗೇರು ಬದಲಿಸುವಾಗಲೆಲ್ಲ ಇಂಜಿನ್ನಿನ ದನಿ ಹೇಗೆ ತಗ್ಗಿ ಮತ್ತೆ ತುಂಬಿಕೊಳ್ಳುತ್ತದೆಂದು ಕೇಳುತ್ತಾ ಕೂತಿದ್ದೆ. ನದಿ ಕಾಣುವ ಇಳಿಜಾರಿನಲ್ಲಿ ಮಾವ, ಯಾರೂ ಕೇಳದೆ ಇದ್ದರೂ, ಬರುವ ವಾರ ಮಂಡ್ಯದ ಡಾಕ್ಟರ ಹತ್ತಿರ ಹೋಗಿ ಬರೋಣ ಎಂದರು. ಜೊತೆಗೆ ಯಾರು ಬರಬೇಕೆಂದು ನನ್ನ ಗಂಡ ಕನ್ನಡಿಯಲ್ಲಿ ನೋಡುತ್ತಾ ಸನ್ನೆ ಮಾಡಿ ಕೇಳಿದರು. ಮಾವ ನನ್ನ ಕಡೆ ಬೆರಳು ತೋರಿಸಿದರು.