ಊರು ಬಿಟ್ಟವರ ಅಡ್ಡಹೆಸರು

ಚೀಲಕ್ಕೆ ಕೊಳವೆ ಚುಚ್ಚಿ ಒಂದು ಹಿಡಿ ಅಕ್ಕಿ ತೆಗೆದರೆ ಸಾಕು, ಇಡೀ ಲಾರಿಯ ಮಾಲು ಎಂಥದೆಂದು ಹೇಳಬಲ್ಲೆ. ಮನುಷ್ಯರ ವಿಷಯದಲ್ಲೂ ನನಗೆ ಅದೇ ಜಂಬವಿತ್ತು. ಶಿವಲಿಂಗಮ್ಮನವರು ಗಂಗಾವತಿಯ ನನ್ನ ಅಂಗಡಿಯ ಮೆಟ್ಟಿಲು ಹತ್ತಿದಾಗ ಹೀಗೆ ತೂಗಿದೆ: ವಯಸ್ಸು ಅರವತ್ತೈದರ ಆಸುಪಾಸು, ಹಿಮ್ಮಡಿ ಸವೆದ ಚಪ್ಪಲಿ, ಸೀರೆ ಅಂಗಡಿಯವರು ಪುಕ್ಕಟೆ ಕೊಟ್ಟ ಕೈಚೀಲ. ಐದು ಕೆಜಿ ಸೋನಾಮಸೂರಿ, ಅದೂ ಚೌಕಾಸಿ ಮಾಡಿ.

ಅವರು ಅಕ್ಕಿ ಕೇಳಲೇ ಇಲ್ಲ. ನಮ್ಮ ಓಣಿಯ ಯಾವುದೋ ಹಳೆಯ ಮನೆತನ ಹುಡುಕಿಕೊಂಡು ಬಂದವರು, ಸುಮ್ಮನೆ ಕೇಳಿದರು: "ನಿಮ್ಮ ಮುತ್ತಜ್ಜನ ಹೆಸರೇನ್ರಿ?"

"ಗೊತ್ತಿಲ್ರಿ."

"ಅಕ್ಕಿ ಯಾವ ಗದ್ದಿದು ಅಂತ ಗೊತ್ತೈತಿ, ನೀವು ಯಾವ ಗದ್ದಿಯವರು ಅಂತ ಗೊತ್ತಿಲ್ಲ. ಛಲೋ ಯಾಪಾರ ನಿಮ್ದು."

ಯಲಬುರ್ಗಾದ ನಿವೃತ್ತ ಸಾಲಿ ಟೀಚರ್ ಇವರು. ಜನರ ವಂಶಾವಳಿ ಹುಡುಕುವುದೇ ಈಗಿನ ಕಸುಬು, ಸಂಬಳವಿಲ್ಲದ್ದು. ನನ್ನ ಲೆಕ್ಕದಲ್ಲಿ ಅದು ಕಸುಬೇ ಅಲ್ಲ.

ಒಳಗಿಂದ ನನ್ನ ತಾಯಿ ಮುದಕಮ್ಮ ಎಲ್ಲ ಕೇಳಿಸಿಕೊಂಡಿದ್ದಳು. ಗೋಡೆ ಹಿಡಿದು ಹೊರಗೆ ಬಂದು, "ನಮ್ಮಣ್ಣನ್ನ ಹುಡುಕಿ ಕೊಡ್ತೀಯೇನವ್ವ?" ಎಂದಳು.

ಅವಳು ಹುಟ್ಟಿದ ಊರು ಸಂಪಿಹಾಳ ಡ್ಯಾಮಿನ ಹಿನ್ನೀರಿನಲ್ಲಿ ಮುಳುಗಿದಾಗ ಅವಳಿಗೆ ಐದು ವರ್ಷ. ರಾಯಚೂರು ಕಡೆಯ ಸೋದರತ್ತೆ ಒಯ್ದು ಸಾಕಿದಳು. ಅಣ್ಣ ವಿರುಪಾಕ್ಷಿ ಊರವರ ಜೊತೆ ಎಲ್ಲಿಗೋ ಹೋದ. ಪಂಚಮಿ ಬಂದರೆ ಓಣಿಯ ಹೆಣ್ಣುಮಕ್ಕಳನ್ನೆಲ್ಲ ತವರಿನವರು ಬಂದು ಕರೆದೊಯ್ಯುತ್ತಾರೆ. ಎಪ್ಪತ್ತೇಳರ ನನ್ನ ತಾಯಿಯನ್ನು ಕರೆಯಲು ಒಮ್ಮೆಯೂ ಯಾರೂ ಬಂದಿರಲಿಲ್ಲ. "ನನ್ನ ತವರು ಮೀನಿನ ಪಾಲಾತು" ಎಂದು ನಗುತ್ತಿದ್ದಳು. ಆ ನಗು ನನಗೆ ಸೇರುತ್ತಿರಲಿಲ್ಲ.

"ಎರಡು ವರ್ಷ ನಾನೂ ಹುಡುಕೀನ್ರಿ," ಎಂದೆ ನಾನು, "ಮುನಿರಾಬಾದಿನಿಂದ ಕುಷ್ಟಗಿ ತನಕ. ವಿರುಪಾಕ್ಷಿ ಬಣಕಾರ ಅಂತ. ಬಣಕಾರರು ಓಣಿಗೊಬ್ಬರು ಸಿಕ್ಕರು, ಮಾವ ಸಿಗಲಿಲ್ಲ."

ಶಿವಲಿಂಗಮ್ಮನವರು ಕನ್ನಡಕ ಮೇಲೆತ್ತಿ ನನ್ನನ್ನು ನೋಡಿದರು. "ಬಣಕಾರ ಅನ್ನೋದು ಸಂಪಿಹಾಳದಾಗ ಇದ್ದಾಗಿನ ಹೆಸರು. ಹೊಸ ಊರಿಗೆ ಹೋದಮ್ಯಾಲೆ ಅಲ್ಲಿಯವ್ರು ಏನಂತ ಕರದಿರಬೇಕು? ಸಂಪಿಹಾಳದವ್ರು ಅಂತ. ಊರಾಗ ಇರೋರಿಗೆ ಊರಿನ ಹೆಸರು ಅಂಟೋದಿಲ್ರಿ, ಊರು ಬಿಟ್ಟವರಿಗೆ ಅಂಟತೈತಿ."

ಎದ್ದು ಅವರಿಗೆ ನನ್ನ ಕುರ್ಚಿ ಬಿಟ್ಟುಕೊಟ್ಟೆ. ವ್ಯಾಪಾರದಲ್ಲಿ ಅಪರೂಪ.

ಆ ವಾರ ಅವರ ಬೆನ್ನು ಹತ್ತಿದೆ. ಸೋಮವಾರ ಬಸ್ಸಿನಲ್ಲಿ ಕೊಪ್ಪಳಕ್ಕೆ. ಮುಳುಗಡೆಯಾದವರ ಪಟ್ಟಿಯ ನಕಲು ತಂದರು, ಆ ಕಾಲದ ಕಚೇರಿ ಕಾಗದದಂತೆ ಉರ್ದುವಿನಲ್ಲಿತ್ತು. ಗುರುವಾರ ತಾಲೂಕು ಕಚೇರಿಯ ಕಟ್ಟೆಯ ಮೇಲೆ ಕುಳಿತು ಬಂದವರಿಗೆಲ್ಲ ವಂಶಾವಳಿ ಬರೆದುಕೊಟ್ಟರು, ಪುಕ್ಕಟೆ. ಹೆಣ್ಣುಮಕ್ಕಳ ಹೆಸರು ಬಿಟ್ಟು ಹೇಳಿದವನಿಗೆ, "ಅವ್ರೇನು ಸಂತ್ಯಾಗ ಸಿಕ್ಕಾರೇನೋ ತಮ್ಮಾ?" ಎಂದು ಗದರಿಸಿ ಮೂವರನ್ನೂ ಸೇರಿಸಿದರು. ರವಿವಾರ ಗೆಳತಿ ಮುಮ್ತಾಜಬೇಗಂ ಮನೆಯಲ್ಲಿ ಚೌಕಾಬಾರಾ. ಕಾಯಿ ನಡೆಸುತ್ತಲೇ ಬೇಗಂ ಪಟ್ಟಿ ಓದಿದರು: ಸಂಪಿಹಾಳದ ಏಳು ಮನೆಗಳು ಕನಕಗಿರಿ ಕಡೆ ಹೋಗಿವೆ. ಶಿವಲಿಂಗಮ್ಮನವರು ಆಟ ಸೋತರು. ಆ ಕಡೆಯ ಮತದಾರರ ಪಟ್ಟಿಯಲ್ಲಿ ಮರುದಿನವೇ ಹೆಸರು ಸಿಕ್ಕಿತು: ವಿರುಪಾಕ್ಷಿ ಸಂಪಿಹಾಳ, ವಯಸ್ಸು ಮೂವತ್ತೊಂದು.

"ನಮ್ಮ ಮಾವ ನನಗಿಂತ ಸಣ್ಣಾವೇನ್ರಿ?" ಎಂದೆ.

"ಮೊಮ್ಮಗನಿಗೆ ಅಜ್ಜನ ಹೆಸರು ಇಡೋದು ನಿಮ್ಮ ಮನ್ಯಾಗ ಇಲ್ಲೇನು? ಮೂವತ್ತೊಂದರಾವ ಅದಾನ ಅಂದ್ರ, ಅಜ್ಜ ಇದ್ದ ಅಂತನ ಅರ್ಥ."

ಆ ಊರಿಗೆ ಹೋಗಿ ಮೊಮ್ಮಗನನ್ನೇ ಕೇಳಿದೆವು: ಅಜ್ಜ ಇದ್ದ, ಹನ್ನೆರಡು ವರ್ಷದ ಹಿಂದೆ ತೀರಿಹೋಗಿದ್ದ. ಎಪ್ಪತ್ತು ವರ್ಷ ನೀರಿನಡಿ ಇದ್ದ ಊರನ್ನು ಈ ಹೆಂಗಸು ಒಂದು ಅಡ್ಡಹೆಸರು ಹಿಡಿದು ಮೇಲೆತ್ತಿದ್ದರು. ನಾನು ಲಾರಿಗಟ್ಟಲೆ ಮಾಲು ನೋಡಿದವನು, ಹೀಗೆ ಬೆರಗಾಗಿ ನಿಂತದ್ದು ಮಾತ್ರ ಅದೇ ಮೊದಲು.

ಪಂಚಮಿಗೆ ಎರಡು ದಿನ ಮೊದಲು ಆ ಮೊಮ್ಮಗ ಬಂದ, ಕೈಯಲ್ಲಿ ಉಂಡಿಯ ಡಬ್ಬಿ, ಕುಪ್ಪಸದ ಖಣ. "ಅಜ್ಜಿ, ಹಬ್ಬಕ್ಕ ಕರಿಯಾಕ ಬಂದೀನ್ರಿ" ಎಂದ. ತಾಯಿ ಅವನ ಮುಖ ಸವರಿ ನೋಡಿದಳು.

"ಭಾಳ ತಡಾ ಮಾಡಿದ್ಯಲ್ಲೋ ಅಣ್ಣಾ" ಎಂದಳು.

ಶಿವಲಿಂಗಮ್ಮನವರಿಗೆ ಒಂದು ಚೀಲ ಅಕ್ಕಿ ಒಯ್ದೆ. "ನಿಮ್ಮ ಅಕ್ಕಿ ಮುದ್ದಿ ಆಗತೈತಿ" ಎಂದು ಹಿಂದಕ್ಕೆ ಕಳಿಸಿದರು.

ನನ್ನ ತಾಯಿಗೆ ಈಗ ತವರುಮನೆ ಇದೆ. ಅದನ್ನು ಕೊಟ್ಟವರು ಶಿವಲಿಂಗಮ್ಮ.