ಆರರ ನಂತರದ ಲೆಕ್ಕ

ಮೊನ್ನೆ ಹಿಂದೂಪುರದ ಮಂಡಿಯಲ್ಲಿ ಹೊಸ ಹುಣಸೆಹಣ್ಣಿನ ವಾಸನೆ ಮೂಗಿಗೆ ಬಡಿಯಿತು. ಪಕ್ಕದಲ್ಲಿ ಒಬ್ಬ ಮುದುಕ ಸೇರಿನಲ್ಲಿ ಹುರುಳಿ ಅಳೆಯುತ್ತಿದ್ದ. ಐದು, ಆರು, ಆರುನ್ನೊಕ್ಕಟಿ, ಎನಿಮಿದಿ... ಎಣಿಕೆಯೆಲ್ಲ ತೆಲುಗಿನಲ್ಲಿ. ಏಳಕ್ಕೆ ತೆಲುಗಿನಲ್ಲಿ ‘ಏಡು’ ಎನ್ನಬೇಕು. ‘ಏಡು’ ಎಂದರೆ ಅಳು ಎಂದೂ ಆಗುತ್ತದೆ. ಕಾಳು ಅಳೆಯುವವನು ಆ ಮಾತು ಆಡುವುದಿಲ್ಲ, ‘ಆರೂ ಒಂದು’ ಎನ್ನುತ್ತಾನೆ. ಮಂಡಿ ವ್ಯಾಪಾರದ ನಮ್ಮ ತಾತನೂ ಹೀಗೆಯೇ ಎಣಿಸುತ್ತಿದ್ದರು. ಆದರೆ ನನಗೆ ನೆನಪಾದವರು ಲೆಕ್ಕದ ಮೇಷ್ಟ್ರು.

ಅವರು ಕಲ್ಯಾಣದುರ್ಗದವರು. ಬ್ರಿಟಿಷರ ಕಾಲ ಅದು. ಹಿಂದೂಪುರದ ಶಾಲೆಗೆ ಬಂದು ನಮ್ಮ ಮನೆಯ ಮುಂದಿನ ಕೋಣೆ ಬಾಡಿಗೆಗೆ ಹಿಡಿದಿದ್ದರು. ಒಂದು ದಿನ ನನ್ನ ಸ್ಲೇಟಿನ ಮೇಲೆ ೧೪೨೮೫೭ ಎಂದು ಬರೆದು, ಎರಡರಿಂದ ಗುಣಿಸು ಎಂದರು. ೨೮೫೭೧೪ ಬಂತು. ಮೂರರಿಂದ ಗುಣಿಸಿದರೆ ೪೨೮೫೭೧. ಅವೇ ಆರು ಅಂಕಿ, ಗಾಣದ ಎತ್ತಿನ ಹಾಗೆ ಸುತ್ತು ಹಾಕುತ್ತಿದ್ದವು. ನಾನು ಹುಟ್ಟಾ ಅನುಮಾನದ ಪಿಂಡ. ಇದರಲ್ಲೇನೋ ಕೈಚಳಕವಿದೆ ಎಂದು ಒಳಗೆ ಹೋಗಿ ಆರರವರೆಗೂ ಗುಣಿಸಿ ನೋಡಿದೆ. ಮೋಸ ಸಿಗಲಿಲ್ಲ, ಅನುಮಾನವೂ ಹೋಗಲಿಲ್ಲ.

ಅಪ್ಪನ ತಂಗಿ, ನನ್ನ ಅತ್ತೆ, ಬಾಗಿಲ ಮರೆಯಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ಅಜ್ಜಿಯ ಕಣ್ಣಿಗೆ ಅದು ಬಿತ್ತು.

“ಅಂಕಿ ತಿರುಗಿಸೋನು ತಲೇನೂ ತಿರುಗಿಸ್ತಾನೆ ಕಣಮ್ಮ,” ಎಂದು ನನಗೆ ಹೇಳಿದರು.

ಆದರೂ ಮೇಷ್ಟ್ರನ್ನೇ ಮದುವೆಯಾಗುತ್ತೇನೆಂಬ ಅತ್ತೆಯ ಹಟ ಗೆದ್ದಿತು. ಮೇಷ್ಟ್ರ ಅಣ್ಣ ಕಲ್ಯಾಣದುರ್ಗದಿಂದ ಬಂದರು, ಮಂಡಿಯ ಹಿರಿಯರು ಸೇರಿದರು. ತಾತ ವೀಳ್ಯದ ತಟ್ಟೆ ಕೈಗೆತ್ತಿಕೊಂಡಾಗ ಅಜ್ಜಿ ಮಧ್ಯೆ ಬಾಯಿ ಹಾಕಿದರು. “ಅದೇನಪ್ಪ ನಿನ್ನ ಅಂಕಿ, ಆರು ಆದ್ಮೇಲೆ ಏನಾಯ್ತದೆ? ಎಲ್ರೂ ಕೇಳ್ಲಿ.”

ಹಿರಿಯರಿಗೆ ತಿಳಿಯಲೆಂದು ಮೇಷ್ಟ್ರು ತೆಲುಗಿನಲ್ಲೇ ಹೇಳಿದರು: “ಏಡುತೋ ಗುಣಿಸ್ತೇ ಅನ್ನೀ ತೊಮ್ಮಿದುಲೇ.” ಏಳರಿಂದ ಗುಣಿಸಿದರೆ ಎಲ್ಲವೂ ಒಂಬತ್ತೇ. ಲೆಕ್ಕ ಸರಿ, ಆದರೆ ಶುಭಕಾರ್ಯದ ನಡುವೆ ‘ಏಡು’ ಬಿದ್ದಿತ್ತು. ತಟ್ಟೆ ಹಿಡಿದ ತಾತನ ಕೈ ನಿಂತಿತು.

“ಆರೂ ಒಂದು ಅನ್ನಿ ಮೇಷ್ಟ್ರೇ,” ಎಂದರು ತಾತ, ಮೆಲ್ಲಗೆ.

ಮೇಷ್ಟ್ರು ನಕ್ಕರು. “ಸಂಖ್ಯೆಗೆ ಇರೋ ಹೆಸರು ಬಿಟ್ಟು ಬೇರೆ ಹೆಂಗನ್ಲಿ ಯಜಮಾನ್ರೇ? ಕನ್ನಡದಲ್ಲಿ ಏಳು ಅಂದ್ರೆ ಮೇಲಕ್ಕೇಳು ಅಂತ. ಅದನ್ನೇ ಇಟ್ಕೊಳ್ಳಿ.”

“ಹಂಗಾದ್ರೆ ಏಳಿ,” ಎಂದು ತಾತ ತಟ್ಟೆ ಕೆಳಗಿಟ್ಟರು.

ಮೇಷ್ಟ್ರು ಎದ್ದರು. ಆ ವಾರವೇ ಕೋಣೆ ಖಾಲಿ ಮಾಡಿ ಊರಿಗೆ ಹೋದರು... ಅತ್ತೆಯನ್ನು ಹತ್ತಿರದ ಪರಿಗಿ ಊರಿಗೆ ಮದುವೆ ಮಾಡಿ ಕೊಟ್ಟರು.

ಎಲ್ಲರೂ ತಾತನನ್ನು ಬೈದರು. ನನ್ನ ಅನುಮಾನ ಬೇರೆ. ಕಲ್ಯಾಣದುರ್ಗದ ಸಂತೆಯಲ್ಲಿ ಬೆಳೆದ ಮೇಷ್ಟ್ರಿಗೆ ಆ ಮಾತು ಆಡಬಾರದೆಂದು ಗೊತ್ತಿರಲಿಲ್ಲವೇ? ಒಲ್ಲದ ಮದುವೆ ತಪ್ಪಿಸಿಕೊಳ್ಳಲು ಬೇಕೆಂದೇ ಹೇಳಿದರೇ? ಇದನ್ನು ಯಾರಿಗೂ ಹೇಳದೆ ನುಂಗಿಕೊಂಡೆ.

ಅತ್ತೆಯ ಕೊನೆಗಾಲದಲ್ಲಿ ಅವಳನ್ನು ನೋಡಲು ಪರಿಗಿಗೆ ಹೋಗಿದ್ದೆ. ಏನೋ ಮಾತಾಡುತ್ತಿದ್ದವಳು ತಟ್ಟನೆ ಕೇಳಿದಳು: “ಅವ್ರು ಆವತ್ತು ಬೇಕಂತ್ಲೇ ಅಂದ್ಬುಟ್ರೇನೇ?”

“ಇಲ್ಲ ಅತ್ತೆ, ಬಾಯ್ತಪ್ಪಿ ಬಂತು. ನಂಗೆ ಗೊತ್ತು,” ಎಂದೆ.

ಅತ್ತೆ ನನ್ನ ಮುಖವನ್ನೇ ನೋಡಿದಳು. “ನೀನು ಯಾವಾಗ್ಲಿಂದ ಜನಾನ ನಂಬೋಕೆ ಸುರು ಮಾಡ್ದೆ?”

ಕೇಳೋಣವೆಂದರೆ ಈಗ ಮೇಷ್ಟ್ರೂ ಇಲ್ಲ, ಅತ್ತೆಯೂ ಇಲ್ಲ. ನನ್ನ ಮಾತು ನಂಬಿ ಹೋದಳೋ, ನಂಬದೆ ಹೋದಳೋ, ನನಗೆ ಗೊತ್ತಿಲ್ಲ.