ಲಿನಕ್ಸ್ ಮನೆಗೆ ಆಟವನ್ನು ಕರೆದದ್ದು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಹೇಳಲಿ. ಆ ಸಿಟ್ಟಿಲ್ಲದಿದ್ದರೆ ಹೂವಿನಹಡಗಲಿಯ ನಮ್ಮ ಅಂಗಡಿಯಲ್ಲಿ ಲಿನಕ್ಸ್ ಒಂದು ತಿಂಗಳೂ ಬಾಳುತ್ತಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೊದಮೊದಲ ವರ್ಷಗಳು. ಬಸ್ ಸ್ಟ್ಯಾಂಡಿನ ಹತ್ತಿರ ಅಕ್ಕ ಮತ್ತು ನಾನು ಸೇರಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದೆವು. ಒಳಕೋಣೆಯಲ್ಲಿ ಅಕ್ಕನ ಡಿಟಿಪಿ ಕೆಲಸ, ಹೆಚ್ಚಾಗಿ ಲಗ್ನಪತ್ರಿಕೆಗಳು. ಹೊರಗಿನ ಮೂರು ಮಷೀನು ನನ್ನವು. ಬೆಳಗ್ಗೆ ಟೈಪಿಂಗ್ ಕಲಿಸುವುದು, ಮಧ್ಯಾಹ್ನದ ಮೇಲೆ ಆಟ ಆಡುವವರಿಗೆ ಬಿಡುವುದು. ಎಲ್ಲಕ್ಕೂ ಯಾರೋ ಕೊಟ್ಟ ಕಳ್ಳ ಸಿ.ಡಿ.ಯಿಂದ ವಿಂಡೋಸ್ ಹಾಕಿಕೊಂಡಿದ್ದೆವು. ಬಂದವರ ಫ್ಲಾಪಿಯಿಂದ ಹತ್ತಿದ ವೈರಸ್ಸು ಅಕ್ಕನ ಮಷೀನಿಗೂ ದಾಟಿ, ಮದುವೆ ಹತ್ತಿರ ಬಂದಿದ್ದವರ ಲಗ್ನಪತ್ರಿಕೆಯನ್ನೇ ನುಂಗಿ ಕೂತಿತು. ಅವತ್ತೇ ತೀರ್ಮಾನ ಮಾಡಿದೆ. ಕಂಪ್ಯೂಟರ್ ಮ್ಯಾಗಜೀನಿನ ಜೊತೆ ಬಂದಿದ್ದ ಸಿ.ಡಿ.ಯಿಂದ ನನ್ನ ಮೂರಕ್ಕೂ ಲಿನಕ್ಸ್ ಹಾಕಿದೆ. ಅದೂ ವಿಂಡೋಸಿನ ಹಾಗೆ ಕಂಪ್ಯೂಟರನ್ನು ನಡೆಸುವ ವ್ಯವಸ್ಥೆಯೇ. ಆದರೆ ಯಾರು ಬೇಕಾದರೂ ಹಾಕಿಕೊಳ್ಳಬಹುದು, ಕದಿಯುವ ಗರಜಿಲ್ಲ. ಅಕ್ಕನ ಡಿಟಿಪಿ ಅದರಲ್ಲಿ ನಡೆಯುತ್ತಿರಲಿಲ್ಲವಾಗಿ ಅವಳದನ್ನು ಮುಟ್ಟಲಿಲ್ಲ.

ವೈರಸ್ ಹೋಯಿತು. ಜೊತೆಗೆ ಆಟವೂ ಹೋಯಿತು.

ನಮ್ಮಲ್ಲಿ ಎಲ್ಲರಿಗೂ ಬೇಕಾಗಿದ್ದದ್ದು ಒಂದು ಕಾರ್ ರೇಸು. ಪರದೇಶದ ಸಣ್ಣ ಕಂಪನಿಯೊಂದು ಅದನ್ನು ವಿಂಡೋಸಿಗೆ ಮಾತ್ರ ಮಾಡಿತ್ತು. ಅಂಥ ಆಟಗಳನ್ನು ಲಿನಕ್ಸಿನಲ್ಲಿ ಹೇಗೋ ಓಡಿಸಲು ವೈನ್ ಎಂಬ ಸಾಫ್ಟ್‌ವೇರ್ ಇತ್ತು. ಆಟಕ್ಕೂ ಲಿನಕ್ಸಿಗೂ ನಡುವೆ ನಿಂತ ದುಭಾಷಿ ಎನ್ನಿ. ಹರಪನಹಳ್ಳಿ ಬಸ್ಸಿನ ಕಂಡಕ್ಟರೊಬ್ಬರು ನಮ್ಮ ಖಾಯಂ ಗಿರಾಕಿ. ಒಂದು ದಿನ ಅಪ್ಪ ಅಂಗಡಿಯೊಳಗೆ ಕಾಲಿಡುವುದಕ್ಕೂ ಅವರು "ಮೇಡಂ, ವೈನ್ ಹಾಕ್ರಿ, ಜಲ್ದಿ ಮುಗಿಸಿ ಹೋಗ್ತೀನಿ" ಅನ್ನುವುದಕ್ಕೂ ಸರಿಹೋಯಿತು. ಅಪ್ಪ ಕೊರಳಿನ ಲಿಂಗವನ್ನು ಹಿಡಿದುಕೊಂಡು, "ಶಿವಶಿವಾ, ಅಂಗಡ್ಯಾಗ ಅದನ್ನೂ ಇಟ್ಟೀರೇನವಾ?" ಎಂದರು. ಅದು ಕುಡಿಯುವ ವೈನಲ್ಲ ಎಂದು ನಂಬಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ಅಷ್ಟೆಲ್ಲ ಆದರೂ ಆಟ ನೆಟ್ಟಗೆ ಬಂತೇ? ಕಾರು ತಿರುವಿಗೆ ಬಂದ ಕೂಡಲೇ ರಸ್ತೆಯೇ ಮಾಯವಾಗುತ್ತಿತ್ತು.

"ನಮ್ಮ ಹರಪನಳ್ಳಿ ರೋಡಿನ್ಯಾಗ ತಗ್ಗು ಅದಾವ, ಖರೆ," ಎಂದರು ಕಂಡಕ್ಟರು. "ಆದ್ರ ರೋಡ ಇಲ್ದಂಗ ಆಗಂಗಿಲ್ರಿ ಮೇಡಂ."

ಹಾಗೆಂದು ಎದ್ದವರು ಮತ್ತೆ ಬರಲಿಲ್ಲ. ಎದುರು ಸಾಲಿನ ಅಂಗಡಿಯಲ್ಲಿ ಕೂತು ಆಡುತ್ತಿದ್ದುದನ್ನು ನಾನೇ ಕಂಡೆ. ಉಳಿದವರೂ ಒಬ್ಬೊಬ್ಬರಾಗಿ ಅಲ್ಲಿಗೇ ಹೋದರು. ನನಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಅಕ್ಕ ಸುಮ್ಮನಿರುವವಳಲ್ಲ. "ಹೊಟ್ಟಿಗಿ ಹಿಟ್ಟಿಲ್ಲಂದ್ರೂ ಜುಟ್ಟಿಗಿ ಮಲ್ಲಿಗಿ ಹೂವಂತ. ಹಂಗಾತು ನಿನ್ನ ಲಿನಕ್ಸು. ಯುಗಾದಿ ಮಟ ನೋಡ್ತೀನಿ ಲೇ. ಮಂದಿ ಬರ್ಲಿಲ್ಲಂದ್ರ ವಾಪಸ್ ವಿಂಡೋಸ್ ಹಾಕೋದ."

ಲಿನಕ್ಸಿಗೇ ಆಗುವಂತೆ ಆಟವನ್ನು ಮಾಡಿಕೊಡಿ ಎಂದು ಆ ಕಂಪನಿಗೆ ಇಮೇಲ್ ಬರೆದೆ. ವೈನಿನಲ್ಲಿ ಓಡುತ್ತದಲ್ಲ, ಸಾಲದೇ, ಅಲ್ಲದೆ ಲಿನಕ್ಸಿನಲ್ಲಿ ಆಡುವವರಾದರೂ ಎಲ್ಲಿದ್ದಾರೆ ಎಂದು ಉತ್ತರ ಬಂತು. ಮೈಯೆಲ್ಲ ಉರಿದುಹೋಯಿತು. ಬಾಗಿಲೇ ಇಡದೆ ಗೋಡೆ ಕಟ್ಟಿ, ಒಳಗೆ ಯಾರೂ ಬರುವುದಿಲ್ಲ ಅಂದರೆ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮಲ್ಲಿ ಆಡುವವರು ಇದ್ದರು. ಬಂದು ಕೂತು, ರಸ್ತೆ ಕಾಣದೆ ಎದ್ದು ಹೋದರು. ಎದುರು ಅಂಗಡಿಗೆ ಹೋದ ಮೇಲೆ ಅವರನ್ನೆಲ್ಲ ವಿಂಡೋಸಿನವರೆಂದು ಲೆಕ್ಕ ಹಿಡಿದರೆ ಲಿನಕ್ಸಿನವರು ಎಲ್ಲಿಂದ ಸಿಗಬೇಕು? ಇದನ್ನೇ ಮತ್ತೆ ಬರೆದೆ. ರಸ್ತೆ ಎಲ್ಲಿ ಮಾಯವಾಗುತ್ತದೆ, ಸದ್ದು ಎಲ್ಲಿ ನಿಲ್ಲುತ್ತದೆ, ಅದನ್ನೂ ಬರೆದೆ. ವೈನ್ ಮಾಡಿದವರನ್ನು ಕೇಳಿ ಎಂದರು. ನಮ್ಮ ಆಟ, ನಾವೇ ನೋಡುತ್ತೇವೆ ಎಂಬ ಮಾತು ಅವರ ಬಾಯಲ್ಲಿ ಬರಲೇ ಇಲ್ಲ.

ಯುಗಾದಿ ಹತ್ತಿರವಾಯಿತು. ಅಕ್ಕ ವಿಂಡೋಸಿನ ಸಿ.ಡಿ.ಯನ್ನು ಹುಡುಕಿ ಮೇಜಿನ ಮೇಲೆ ತಂದಿಟ್ಟಳು. ಅದೇ ಹೊತ್ತಿಗೆ ಕೊಟ್ಟೂರಿನ ನಮ್ಮ ಸಂಬಂಧಿಕರು ಮಗನ ಲಗ್ನಪತ್ರಿಕೆಯನ್ನು ಈ ಕಡೆ ಬರುತ್ತಿದ್ದ ಯಾರದೋ ಕೈಯಲ್ಲಿ ಕೊಟ್ಟು ಕಳಿಸಿದ್ದರು. ಅಕ್ಕ ಕೆಂಡವಾದಳು. "ಕೊಟ್ಟೂರೇನು ದೂರ ಐತೇನು? ಮನಿಗಿ ಬಂದು, ಕುಂಕುಮ ಹಚ್ಚಿ ಕರೀಲಾರದವರ ಲಗ್ನಕ್ಕ ನಾ ಹೋಗಂಗಿಲ್ಲ."

ನಾನು ಬಿಡಲಿಲ್ಲ. "ನಾನೂ ಅದನ್ನ ಹೇಳಾಕತ್ತೀನಿ ಅಕ್ಕ. ಆಟದವ್ರೂ ವೈನಿನ ಕೈಯಾಗ ಪತ್ರಿಕಿ ಕೊಟ್ಟು ಕಳಿಸ್ಯಾರ. ನಮ್ಮ ಬಾಗಲಿಗೆ ಬಂದಿಲ್ಲ. ಮತ್ತ ನಾವ ಬರ್ಲಿಲ್ಲ ಅಂತಾರ."

ಅಕ್ಕ ಕೈಯಲ್ಲಿದ್ದ ಪತ್ರಿಕೆಯನ್ನು ಆ ಸಿ.ಡಿ.ಯ ಮೇಲೆ ಬೀಸಾಡಿದಳು. ಆಮೇಲೆ "ಅತ್ತಾಗ ಸರಿ" ಎಂದು ನನ್ನನ್ನು ಕುರ್ಚಿಯಿಂದ ಎಬ್ಬಿಸಿದಳು. "ಕರಿಯೋದು ಹೆಂಗಂತ ಅವ್ರಿಗೆ ಗೊತ್ತಿಲ್ಲ. ನಾ ಕರೆದು ತೋರಸ್ತೀನಿ."

ಅವಳಿಗೆ ಬರುತ್ತಿದ್ದದ್ದು ಲಗ್ನಪತ್ರಿಕೆಯ ಇಂಗ್ಲಿಷ್ ಒಂದೇ. ಅದರಲ್ಲೇ ಆ ಕಂಪನಿಗೆ ಬರೆದಳು. ತಮ್ಮ ಆಟವು ಬೇರೆಯವರ ಕೈಯಲ್ಲಿ ಬಾರದೆ, ಸಕುಟುಂಬ ಸಪರಿವಾರ ಸಮೇತವಾಗಿ ತಾನೇ ನಮ್ಮ ಲಿನಕ್ಸಿಗೆ ದಯಮಾಡಿಸಿ, ನಮ್ಮನ್ನು ಆನಂದಪಡಿಸಬೇಕಾಗಿ ವಿನಂತಿ ಎಂಬುದು ಅದರ ಸಾರ. ನಗು ತಡೆಯಲಾರದೆ ನಾನು ಹೊರಗೆ ಹೋಗಿ ನಿಂತೆ.

ಅವರ ಉತ್ತರ ಯುಗಾದಿಗೆ ಮುಂಚೆಯೇ ಬಂತು. ಇಷ್ಟು ಚೆಂದಾಗಿ ತಮ್ಮನ್ನು ಯಾರೂ ಕರೆದಿರಲಿಲ್ಲವಂತೆ. ಆದರೂ ಸದ್ಯಕ್ಕೆ ಆಗುವುದಿಲ್ಲವಂತೆ. ಓದಿ ನನಗೆ ಅಳುವೇ ಬಂತು. ಇನ್ನು ಅಕ್ಕ ಸಿ.ಡಿ. ಹಾಕುವವಳೇ ಅಂದುಕೊಂಡೆ. ಅವಳು ಮಾತ್ರ ತುಟಿ ಬಿಗಿದು, ಇನ್ನೊಂದು ಆಟದ ಕಂಪನಿಯ ವಿಳಾಸ ಹುಡುಕು ಎಂದಳು.

ಯುಗಾದಿ ಬಂತು, ಹೋಯಿತು. ಆಡುವವರು ಹೆಚ್ಚೇನೂ ಮರಳಲಿಲ್ಲ. ಒಂದು ಮಧ್ಯಾಹ್ನ ಹೊಸಬರೊಬ್ಬರು ಬಾಗಿಲಲ್ಲಿ ನಿಂತು, "ನಿಮ್ಮ ಮಷೀನಿನ್ಯಾಗ ಕಾರಿನ ಆಟ ಓಡಂಗಿಲ್ಲಂತ, ಹೌದೇನ್ರಿ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಒಳಕೋಣೆಯಿಂದ ಅಕ್ಕನ ದನಿ ಬಂತು.

"ಮಷೀನಿಗೆ ಏನೂ ಆಗಿಲ್ರಿ. ಕಂಪನಿಯವ್ರು ಇನ್ನಾ ಇದಕ್ಕ ಆಟ ಮಾಡಿ ಕೊಟ್ಟಿಲ್ಲ."